ಹುಳದ ಮನೆಯಲ್ಲಿ ಅವ್ವನ ಶಾಲು

ನಮ್ಮ ಮನೆಯಲ್ಲಿ ಬಟ್ಟೆಗಳು ಎರಡೇ ಬಗೆ: ಕಲ್ಲಿಗೆ ಬಡಿಯುವಂಥವು, ಮತ್ತು ಅವ್ವನ ಶಾಲು. ಅಪ್ಪನ ಪಂಚೆಯಿಂದ ಹಿಡಿದು ನನ್ನ ಸ್ಕೂಲಿನ ನೀಲಿ ಲಂಗದವರೆಗೆ ಎಲ್ಲವೂ ಮೊದಲನೆಯ ಬಗೆಗೆ ಸೇರಿದ್ದವು. ತಾತ ಬಿಟ್ಟುಹೋದ ಕರಿಕಂಬಳಿ ಕೂಡ. ಅದನ್ನು ವರ್ಷಕ್ಕೊಮ್ಮೆ ಕೆರೆಗೆ ಹೊತ್ತೊಯ್ದು, ಬಂಡೆಯ ಮೇಲೆ ಹಾಸಿ, ಮಣ್ಣು ಕಲೆಸುವವರಂತೆ ತುಳಿದು, ಅಲ್ಲೇ ಒಣಗಲು ಬಿಟ್ಟು ಬರುತ್ತಿದ್ದರು. ಸಂಜೆ ತರಲು ಹೋದರೆ ಅದರ ಮೇಲೆ ಯಾರೋ ಕೂತು ಬೀಡಿ ಸೇದುತ್ತಿರುತ್ತಿದ್ದರು. ಕಂಬಳಿಗೆ ಏನೂ ಆಗಿರುತ್ತಿರಲಿಲ್ಲ. ಆದರೆ ಅವ್ವನ ಶಾಲಿಗೆ ಏನು ಬೇಕಾದರೂ ಆಗಬಹುದಿತ್ತು. ನನಗೆ ಆಗ ಒಂಬತ್ತು ವರ್ಷ. ಏನು ಬೇಕಾದರೂ ಆಗಬಹುದಾದ ವಸ್ತುವೊಂದು ಮನೆಯಲ್ಲಿದ್ದರೆ ಅದರ ಕಡೆಗೇ ಎಳೆಯುವ ಮನಸ್ಸು ನನ್ನದು. ಈಗ ಐವತ್ತರ ಹತ್ತಿರ ಬಂದರೂ ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಮೂರು ಸಲ ನೋಡಿ, ಬಾಗಿಲು ಹಾಕಿ, ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ನಾಲ್ಕನೇ ಸಲ ನೋಡುವವಳು ನಾನು. ಹುಟ್ಟಿನಿಂದಲೇ ಹೀಗೆ ಎಂದು ಮನೆಯವರು ನಗುತ್ತಾರೆ. ಹುಟ್ಟಿನಿಂದ ಅಲ್ಲ.

ಕೈಲಾಂಚದಿಂದ ಎರಡು ಮೈಲಿ ಒಳಗಿದ್ದ ನಮ್ಮ ಊರಿಗೆ ಆ ಶಾಲನ್ನು ತಂದವನು ನನ್ನ ಮಾವ, ಅವ್ವನ ಅಣ್ಣ. ಮಿಲಿಟರಿಯಲ್ಲಿ ಅಡಿಗೆ ಕೆಲಸದಲ್ಲಿದ್ದ. ರಜಕ್ಕೆ ಬಂದಾಗ ಕಬ್ಬಿಣದ ಪೆಟ್ಟಿಗೆ ತೆರೆದು, ಪಾರಿವಾಳದ ಬಣ್ಣದ ಆ ಕಾಶ್ಮೀರಿ ಶಾಲನ್ನು ತಂಗಿಯ ಹೆಗಲಿಗೆ ಹೊದಿಸಿದ್ದನಂತೆ. ಅಂಚಿನಲ್ಲಿ ಕೆಂಪು ದಾರದ ಸಣ್ಣ ಸಣ್ಣ ಮಾವಿನಕಾಯಿಗಳು. ಉಂಗುರದೊಳಗೆ ತೂರಿ ಆಚೆ ಬರುತ್ತದೆ ಅಂದನಂತೆ. ತಾತ ಇನ್ನೂ ಇದ್ದ ಕಾಲ ಅದು; ಅಪ್ಪನ ತಾಯಿ, ನಮ್ಮ ಅಜ್ಜಿ, ತಕ್ಷಣ ತನ್ನ ಕಾಲುಂಗುರ ಬಿಚ್ಚಿ ಕೊಟ್ಟಳು. ಶಾಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಬಿಡಿಸಲು ಎಲ್ಲರೂ ಸೇರಿ ಒಂದು ಗಂಟೆ ಒದ್ದಾಡಿದರು. ಮಾವ ಹೊರಡುವಾಗ ತೊಳೆಯುವ ಕ್ರಮವನ್ನು ಅವ್ವನಿಗೆ ಬಾಯಿಪಾಠ ಮಾಡಿಸಿ ಹೋದ. ಅದಾದ ಮೇಲಿನ ವರ್ಷ, ಯಾವುದೋ ಮದುವೆಯಲ್ಲಿ ಬೀಗರ ಪಂಕ್ತಿಯಲ್ಲಿ ಯಾರಿಗೆ ಮೊದಲು ಎಲೆ ಹಾಕಿದರು ಅನ್ನುವ ವಿಷಯಕ್ಕೆ ಅಪ್ಪನಿಗೂ ಮಾವನಿಗೂ ಮಾತಾಗಿ, ಎರಡು ಮನೆಗೂ ಹೋಗಿಬರುವುದು ನಿಂತುಹೋಯಿತು. ಒಂದು ಬಾಳೆಲೆಯ ಕಾರಣಕ್ಕೆ ಅವ್ವನ ತವರಿನ ದಾರಿ ಮುಚ್ಚಿತು. ಉಳಿದದ್ದು ಶಾಲು ಒಂದೇ.

ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಶಾಲು ತೊಳೆಯುವ ದಿನ ಬರುತ್ತಿತ್ತು. ಅವ್ವ ಹಿಂದಿನ ದಿನವೇ ಅಂಟವಾಳದ ಕಾಯಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಕಿವುಚಿ, ನೊರೆ ಎಬ್ಬಿಸಿ, ತೆಳು ಬಟ್ಟೆಯಲ್ಲಿ ಸೋಸಿ ಹಿತ್ತಾಳೆ ಬೋಗುಣಿಗೆ ಹಾಕುತ್ತಿದ್ದಳು. ನೀರು ಎಷ್ಟು ಬಿಸಿ ಎಂದು ಕೈಯಿಂದಲ್ಲ, ಬಾಣಂತಿಯರು ಮಗುವಿನ ನೀರು ನೋಡುವಂತೆ ಮೊಣಕೈ ಅದ್ದಿ ನೋಡುತ್ತಿದ್ದಳು. ಶಾಲು ಮುಳುಗಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತುವುದಷ್ಟೇ. ಮೇಲೆತ್ತುವಾಗ ಒಂದು ತುದಿ ಹಿಡಿದು ಎಳೆಯುವಂತಿಲ್ಲ. ನೀರು ಕುಡಿದ ಉಣ್ಣೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ, ಅದಕ್ಕೆ ಎರಡೂ ಕೈ ಅಡಿಯಿಟ್ಟು ಎತ್ತಬೇಕು. ಜಗಲಿಯ ಮೇಲೆ ಕೂತು ಎಲೆಅಡಿಕೆ ಅಗಿಯುತ್ತಿದ್ದ ಅಜ್ಜಿಗೆ ಇದಕ್ಕಿಂತ ದೊಡ್ಡ ಬಯಲಾಟ ಇರಲಿಲ್ಲ.

“ಏನಮ್ಮಿ, ಬಡೀಬಾರ್ದಾ?”

“ಬಡೀಬಾರ್ದು ಕಣತ್ತೆ.”

“ಹಿಂಡೋದಾದ್ರೂ?”

“ಹಿಂಡಬಾರ್ದು. ಉಜ್ಜಬಾರ್ದು. ನೇತಾಕಬಾರ್ದು.”

“ಇನ್ನೇನ್ ಆರತಿ ಎತ್ತಬೇಕಾ ಅದುಕ್ಕೆ? ಕುರಿ ಮೈಮ್ಯಾಲಿದ್ದಾಗ ಯಾರವ್ವ ಉಗುರುಬೆಚ್ಚಗೆ ನೀರು ಕಾಸಿ ಕೊಡ್ತಿದ್ರು?”

ಅವ್ವ ನಗುತ್ತಿರಲಿಲ್ಲ. ಆ ದಿನ ಅವಳು ಬೇರೆಯೇ ಮನುಷ್ಯಳು. ಒದ್ದೆ ಶಾಲನ್ನು ಅಪ್ಪನ ಹಳೆಯ ಪಂಚೆಯೊಳಗೆ ಚಾಪೆಯಂತೆ ಸುತ್ತಿ ನನ್ನನ್ನು ಕರೆಯುತ್ತಿದ್ದಳು. ಆ ಸುರುಳಿಯ ಮೇಲೆ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವುದು ನನ್ನ ಕೆಲಸ. ಮನೆಯಲ್ಲಿ ಕಡಿಮೆ ತೂಕದವಳು ನಾನೇ. ನನ್ನ ಭಾರಕ್ಕೆ ನೀರೆಲ್ಲ ಪಂಚೆಗೆ ಇಳಿಯುತ್ತಿತ್ತು. ಆಮೇಲೆ ಶಾಲನ್ನು ರೇಷ್ಮೆ ಹುಳ ಸಾಕುವ ದೊಡ್ಡ ಬಿದಿರ ತಟ್ಟೆಯ ಮೇಲೆ ಹಾಸಿ, ಅಂಚುಗಳನ್ನು ತಟ್ಟಿ ತಟ್ಟಿ ನೇರ ಮಾಡಿ, ನೆರಳಿಗೆ ಇಡುತ್ತಿದ್ದಳು. ಎರಡು ಬೆಳೆಗಳ ನಡುವೆ ತಟ್ಟೆಗಳು ಖಾಲಿ ಇರುವ ದಿನಗಳನ್ನು ನೋಡಿಯೇ ಈ ಕೆಲಸ. ಎರಡು ದಿನ ನಾನು ಅದರ ಪಕ್ಕ ಕಾವಲು. ಕಾಗೆ ಬಂದರೆ? ಬೆಕ್ಕು ಮಲಗಿದರೆ? ನನಗೇ ಸೀನು ಬಂದು ಅದರ ಮೇಲೆ ಬಿದ್ದರೆ? ಸೀನು ಬಂದಾಗಲೆಲ್ಲ ಎದ್ದು ಬೀದಿಗೆ ಓಡಿ ಸೀನಿ ಬರುತ್ತಿದ್ದೆ.

ಹುಳದ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಈಗ ರೇಷ್ಮೆ ಹುಳಕ್ಕೆ ಬೇರೆ ಶೆಡ್ ಕಟ್ಟುತ್ತಾರೆ. ನಮ್ಮ ಕಾಲಕ್ಕೆ ನಡುಮನೆಯೇ ಹುಳದ ಮನೆ. ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹುಳ. ನಾವು ಜಗಲಿಯಲ್ಲೋ ಅಡಿಗೆಮನೆಯಲ್ಲೋ ಜಾಗ ಹುಡುಕಿಕೊಳ್ಳಬೇಕು. ಹುಳ ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದಂತೆ ಕೇಳುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಅದು ನೂರಾರು ಅಜ್ಜಿಯರು ಒಟ್ಟಿಗೆ ಎಲೆಅಡಿಕೆ ಹಾಕಿಕೊಂಡಂತೆ ಕೇಳುತ್ತಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುತ್ತದೆ. ಅಲ್ಲಿಯವರೆಗೆ ಮನೆಯೊಳಗೆ ಯಾವ ವಾಸನೆಯೂ ಇರಕೂಡದು. ಊದುಬತ್ತಿ ಇಲ್ಲ. ಪೌಡರ್ ಇಲ್ಲ. ಮಲ್ಲಿಗೆ ಮುಡಿದ ನೆಂಟರು ಹೂವನ್ನು ಬಾಗಿಲಾಚೆ ಬಿಟ್ಟು ಬರಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಅವ್ವ ಒಗ್ಗರಣೆಯನ್ನೂ ಹಿತ್ತಲಿನ ಒಲೆಯಲ್ಲಿ ಹಾಕುತ್ತಿದ್ದಳು. ಬೀಡಿ ಸೇದಿದ ಗಂಡಸರನ್ನು ಅಪ್ಪ ಹೊಸಿಲಲ್ಲೇ ಬಾಯಿ ಊದಿಸಿ ನೋಡಿ ವಾಪಸ್ ಕಳಿಸುತ್ತಿದ್ದ. ಶಾಲು ಇಡುತ್ತಿದ್ದ ಅವ್ವನ ಟ್ರಂಕು ಇದ್ದದ್ದು ಅದೇ ನಡುಮನೆಯ ಮೂಲೆಯಲ್ಲಿ. ಅಡಿಗೆಮನೆಯಲ್ಲಿಟ್ಟರೆ ಹೊಗೆ, ಕೊಟ್ಟಿಗೆಯಲ್ಲಿಟ್ಟರೆ ತೇವ. ಬೇರೆ ಜಾಗವೇ ಇರಲಿಲ್ಲ.

ಆ ವರ್ಷ ಚಳಿ ಶುರುವಾದಾಗ ಅವ್ವ ಶಾಲು ಹೊರತೆಗೆದು ಬೆಳಕಿಗೆ ಹಿಡಿದಳು. ಅಂಚಿನ ಹತ್ತಿರ ರಾಗಿಕಾಳಿನಷ್ಟು ಎರಡು ತೂತು. ಅವಳು ಅವುಗಳ ಮೇಲೆ ಬೆರಳಾಡಿಸಿದಳು. ಬಟ್ಟೆಗೆ ನುಸಿ ಬಿದ್ದಿತ್ತು. ಬೇವಿನಸೊಪ್ಪು ಇಡಬಹುದಾ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಸೊಪ್ಪು ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ.

“ಬ್ಯಾಡ. ಹುಳ ನಾಕನೇ ಜ್ವರಕ್ಕೆ ಹೋಗೈತೆ. ಗೂಡು ಬಿಡಿಸಿದ ಮ್ಯಾಲೆ ಏನಾರಾ ಇಟ್ಕೊ.”

“ಅಷ್ಟೊತ್ಗೆ ಪೂರ್ತಿ ತಿಂದ್ಬುಡ್ತದಲ್ಲ.”

“ಒಂದು ಬಟ್ಟೆ ಕಣೇ ಅದು.”

ಅವನು ಕೆಟ್ಟದಾಗಿ ಹೇಳಲಿಲ್ಲ. ಅವನಿಗೆ ಅದು ನಿಜವಾಗಿಯೂ ಒಂದು ಬಟ್ಟೆ. ಅವ್ವ ಶಾಲು ಮಡಿಸುತ್ತ, ನನಗೆ ಹೇಳಿದಳೋ ಟ್ರಂಕಿಗೋ ಗೊತ್ತಾಗದ ಹಾಗೆ, “ಅಣ್ಣ ಕೊಟ್ಟಿದ್ದು ಇದೊಂದೇ ಉಳ್ದಿರೋದು” ಅಂದಳು. ನನಗೆ ಕೇಳಿಸಿತು. ಆವತ್ತಿನಿಂದ ಊಟ ರುಚಿಸಲಿಲ್ಲ. ತರಗತಿಯಲ್ಲಿ ಕೂತರೂ ಟ್ರಂಕಿನೊಳಗೆ ನುಸಿ ಮೇಯುವುದೇ ಕಣ್ಣಿಗೆ ಬರುತ್ತಿತ್ತು. ನಮ್ಮ ಮೇಷ್ಟ್ರ ಮನೆಗೆ ಪುಸ್ತಕದ ಕಂತೆ ಕೊಡಲು ಹೋಗಿದ್ದಾಗ, ಅವರ ಹೆಂಡತಿ ಬೀರು ತೆರೆದರು. ಸೀರೆಗಳ ನಡುವೆ ಬಿಳಿ ಗೋಲಿಗಳು. ಏನಮ್ಮ ಅದು ಎಂದು ಕೇಳಿದೆ. ನುಸಿಗುಳಿಗೆ ಅಂದರು. ಉಣ್ಣೆ ಬಟ್ಟೆಯ ಮಧ್ಯೆ ಇಟ್ಟರೆ ಒಂದು ನುಸಿಯೂ ಹತ್ತಿರ ಸುಳಿಯುವುದಿಲ್ಲವಂತೆ. ಅವರು ಮೈಸೂರು ಕಡೆಯ ಪಟ್ಟಣದವರು. ಹುಳದ ಮನೆಯ ನೇಮ ಅವರಿಗೆ ತಿಳಿಯದು. ನನಗೆ ತಿಳಿದಿತ್ತು. ಆದರೂ ಹೇಳುತ್ತೇನೆ, ಆ ಕ್ಷಣ ನನಗೆ ಹುಳದ ನೆನಪೇ ಬರಲಿಲ್ಲ. ಎಲ್ಲದಕ್ಕೂ ಹೆದರುವವರ ಕಷ್ಟವೇ ಇದು. ಒಂದರ ಚಿಂತೆ ಹಿಡಿದರೆ ಪಕ್ಕದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ನಾಲ್ಕು ಗುಳಿಗೆ ಕೇಳಿ ಪಡೆದು, ಕಾಪಿ ಪುಸ್ತಕದ ಹಾಳೆ ಹರಿದು ಸುತ್ತಿಕೊಂಡು ಬಂದು, ಅವ್ವ ನೀರಿಗೆ ಹೋಗಿದ್ದಾಗ ಶಾಲಿನ ಮಡಿಕೆಯೊಳಗೆ ಇಟ್ಟೆ. ಆ ದಿನ ಎರಡು ಮುದ್ದೆ ಉಂಡೆ.

ಮೂರನೆಯ ದಿನ ಬೆಳಿಗ್ಗೆ ನಡುಮನೆಯಲ್ಲಿ ಸದ್ದು ಕಡಿಮೆಯಾಗಿತ್ತು. ಅಪ್ಪ ಸೊಪ್ಪು ಹಾಕಲು ಹೋದವನು ಹಾಗೇ ನಿಂತ. ಬೆರಳು ಗಾತ್ರ ಬೆಳೆದಿದ್ದ ಹುಳಗಳು ತಲೆ ಎತ್ತಿಕೊಂಡು ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಸೊಪ್ಪು ಮುಟ್ಟಿರಲಿಲ್ಲ. ಕೆಳಗಿನ ತಟ್ಟೆಗಳಲ್ಲಿ ಆಗಲೇ ಸತ್ತು ಮೆತ್ತಗಾಗಿದ್ದವು. ಅಜ್ಜಿ ಬಾಗಿಲಲ್ಲಿ ನಿಂತು ಮೂಗರಳಿಸಿದಳು.

“ಏನ್ಲಾ ಇದು, ಆಸ್ಪತ್ರೆ ವಾಸ್ನೆ ಬತ್ತಾ ಐತೆ?”

ಅಪ್ಪ ಗೋಡೆ ಮೂಸಿದ, ಸೊಪ್ಪಿನ ಕುಕ್ಕೆ ಮೂಸಿದ, ಕೊನೆಗೆ ಟ್ರಂಕು ತೆರೆದ. ಶಾಲು ಕೊಡವಿದಾಗ ಗುಳಿಗೆಗಳು ನೆಲಕ್ಕೆ ಬಿದ್ದು ಉರುಳಿದವು. ಜೊತೆಗೆ ಅವನ್ನು ಸುತ್ತಿದ್ದ ಹಾಳೆಯೂ ಬಿತ್ತು. ಅದರ ಮೇಲೆ ನನ್ನ ಅಕ್ಷರದಲ್ಲಿ ಏಳರ ಮಗ್ಗಿ. ಅಪ್ಪ ಗುಳಿಗೆಗಳನ್ನು ನೋಡುತ್ತಿದ್ದ. ಅವ್ವ ಹಾಳೆಯನ್ನು ನೋಡಿದಳು. ಬಗ್ಗಿ ಅದನ್ನು ಎತ್ತಿಕೊಂಡು, ಮುದುರಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕಡೆ ತಿರುಗಲೇ ಇಲ್ಲ.

“ಯಾರಿಟ್ಟಿದ್ದು?”

“ನಾನೇ ಇಟ್ಟೆ,” ಅಂದಳು ಅವ್ವ.

ನಾನು ಬಾಗಿಲ ಹಿಂದೆ ಇದ್ದೆ. ಒಂದು ಹೆಜ್ಜೆ ಮುಂದೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಬಾಗಿಲ ಚಿಲಕ ಹಿಡಿದು ಅಲ್ಲೇ ಉಳಿದೆ. ಅಪ್ಪ ಹೊಡೆಯುವವನಲ್ಲ, ಕೂಗಾಡುವವನೂ ಅಲ್ಲ. ಅವನು ಅಲ್ಲೇ ತಟ್ಟೆಗಳ ನಡುವೆ ಕುಕ್ಕರಗಾಲಲ್ಲಿ ಕೂತ. ಸತ್ತ ಹುಳವೊಂದನ್ನು ಅಂಗೈಗೆ ಹಾಕಿಕೊಂಡು, “ಗೊತ್ತಿದ್ದೂ ಗೊತ್ತಿದ್ದೂ” ಅಂದ. ಅಷ್ಟೇ. ಮಧ್ಯಾಹ್ನ ಹೊಲದ ಬದುವಿನಲ್ಲಿ ಗುಂಡಿ ತೋಡಿ, ತಟ್ಟೆ ತಟ್ಟೆಯೇ ಸುರಿದು, ಸುಣ್ಣ ಹಾಕಿ ಮುಚ್ಚಿದರು. ಗುಳಿಗೆಗಳೂ ಅದೇ ಗುಂಡಿಗೆ ಹೋದವು. ಸಂಜೆ ಅಪ್ಪ ನನ್ನನ್ನು ಕರೆದ.

“ನಿಮ್ಮವ್ವಂಗೆ ಹೇಳು, ಆ ಟ್ರಂಕು ಈ ಮನೆ ಒಳಗೆ ಇರಕೂಡ್ದು.”

ಅವ್ವ ಮೂರು ಮಾರು ದೂರದಲ್ಲೇ ನಿಂತಿದ್ದಳು. ಅವಳಿಗೆ ಕೇಳಿಸಿತ್ತು. ಆದರೂ ನಾನು ಹೋಗಿ ಹೇಳಬೇಕಾಯಿತು. ಹಾಗೆ ಶುರುವಾಯಿತು. ನೀರು ಕಾಯಿತಾ ಕೇಳು ನಿಮ್ಮವ್ವನ್ನ. ಹಸು ಕರೆದಾಯ್ತು ಅಂತ ಹೇಳು ನಿಮ್ಮಪ್ಪಂಗೆ. ಒಸಿ ಉಪ್ಪು ಕಡಿಮೆ ಆಗೈತೆ ಅನ್ನು. ನಾನು ಇಬ್ಬರ ನಡುವೆ ಓಡಾಡುತ್ತಿದ್ದೆ. ಒಮ್ಮೊಮ್ಮೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತಿರುತ್ತಿದ್ದರು, ನಾನು ಮಧ್ಯೆ. ಎಡಕ್ಕೆ ತಿರುಗಿ ಕೇಳಿ ಬಲಕ್ಕೆ ತಿರುಗಿ ಹೇಳುತ್ತಿದ್ದೆ. ಬಂದ ನೆಂಟರು ಇದನ್ನು ನೋಡಿ ನಕ್ಕರು. ಒಂದೂವರೆ ತಿಂಗಳು, ಮುಂದಿನ ಬೆಳೆಯ ಮರಿಹುಳ ಮನೆಗೆ ಬರುವವರೆಗೆ, ಅಪ್ಪ ಅವ್ವನ ಜೊತೆ ನೇರವಾಗಿ ಒಂದು ಮಾತಾಡಲಿಲ್ಲ. ಒಂದು ಸಲ ಮುದ್ದೆ ಮುರಿಯುವಾಗ ಧೈರ್ಯ ಮಾಡಿ, “ಅವ್ವ, ನಾನು ಅಪ್ಪಂಗೆ ಹೇಳ್ತೀನಿ,” ಅಂದೆ.

“ಏನ್ ಹೇಳೀಯೆ? ಮುಚ್ಕೊಂಡು ಉಣ್ಣು.”

“ಆದ್ರೆ ನೀನು...”

“ನಂಗೆ ಅಭ್ಯಾಸ ಐತೆ. ನೀನು ತಡ್ಕೊಳ್ಳಲ್ಲ.”

ನಾನು ತಡೆದುಕೊಳ್ಳುವವಳಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ನಾನೂ ಒಪ್ಪಿಕೊಂಡೆ. ಎಷ್ಟು ಬೇಗ ಒಪ್ಪಿಕೊಂಡೆ ಅನ್ನುವುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಟ್ರಂಕು ಕೊಟ್ಟಿಗೆಯ ಅಟ್ಟದ ಮೇಲೆ, ಹುಲ್ಲಿನ ಪಕ್ಕ ಕೂತಿತು. ಆ ಚಳಿಗಾಲವೆಲ್ಲ ಅವ್ವ ಅದನ್ನು ತೆರೆಯಲಿಲ್ಲ. ಶಿವರಾತ್ರಿ ಕಳೆಯಿತು. ಅವ್ವ ಎಂದಿನಂತೆ ಅಂಟವಾಳ ನೆನೆಹಾಕಿದಳು, ಸೋಸಿದಳು, ಮೊಣಕೈ ಅದ್ದಿ ನೋಡಿದಳು. ಮಡಿಸಿದ ಶಾಲು ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ನೀರಿಗೆ ಇಳಿಸಿದಾಗ ಅದು ಮೆಲ್ಲಗೆ ಬಿಚ್ಚಿಕೊಂಡಿತು. ಬಿಚ್ಚಿಕೊಂಡಂತೆಲ್ಲ ಅದರೊಳಗಿಂದ ಬೋಗುಣಿಯ ತಳ ಕಾಣತೊಡಗಿತು. ಮಡಿಕೆ ಮಡಿಕೆಯಲ್ಲೂ ಒಂದೇ ಜಾಗದಲ್ಲಿ ತಿಂದಿದ್ದರಿಂದ ತೂತುಗಳು ರಂಗೋಲಿ ಚುಕ್ಕಿಗಳ ಹಾಗೆ ಸಾಲಾಗಿದ್ದವು. ಕೆಂಪು ಮಾವಿನಕಾಯಿಗಳು ಬಟ್ಟೆ ಬಿಟ್ಟು ನೊರೆಯ ಮೇಲೆ ತೇಲಿದವು. ಅಜ್ಜಿ ಜಗಲಿಯಿಂದ ಏನೋ ಅನ್ನಲು ಬಾಯಿ ತೆರೆದವಳು, ನೋಡಿ, ಎಲೆಅಡಿಕೆ ಉಗಿದು ಎದ್ದು ಬಂದಳು. ಸೊಸೆಯ ಪಕ್ಕ ಕೂತು, ತಾನೂ ನೀರಿನೊಳಗೆ ಕೈಯಿಟ್ಟು ಶಾಲಿನ ಇನ್ನೊಂದು ತುದಿಗೆ ಆಸರೆ ಕೊಟ್ಟಳು.

“ಒಂದು ಹುಳಕ್ಕೆ ಸೊಪ್ಪು ಹಾಕ್ತಾ ಕುಂತ್ಕಂಡ್ವಿ. ಇನ್ನೊಂದು ನಮ್ಮನ್ನ ಕೇಳ್ದೇ ತಿಂದ್ಕಂತು ಕಣಮ್ಮಿ.”

ಅವ್ವ ಕೆಲಸ ನಿಲ್ಲಿಸಲಿಲ್ಲ. ಒತ್ತಿದಳು, ನೀರು ಬದಲಿಸಿದಳು, ಪಂಚೆಯಲ್ಲಿ ಸುತ್ತಿದಳು. ನಾನು ಎಂದಿನಂತೆ ತುಳಿಯಲು ಹೋದೆ. “ನೀನು ಬ್ಯಾಡ,” ಅಂದಳು. “ನಿನ್ನ ಭಾರಾನೂ ತಡ್ಯಲ್ಲ ಅದು.” ತಟ್ಟೆಯ ಮೇಲೆ ಹಾಸಿ ಅಂಚುಗಳನ್ನು ತಟ್ಟಿ ನೇರ ಮಾಡಿದಳು. ಎರಡು ದಿನ ಒಣಗಿಸಿದಳು. ಮೂರನೆಯ ದಿನ ಕತ್ತರಿ ತೆಗೆದುಕೊಂಡು, ನುಸಿ ಮುಟ್ಟದ ಎರಡು ಅಂಗೈಯಗಲದ ತುಂಡುಗಳನ್ನು ಕತ್ತರಿಸಿ, ನನ್ನ ಸ್ಕೂಲ್ ಸ್ವೆಟರಿನ ಹರಿದ ಮೊಣಕೈಗಳಿಗೆ ತೇಪೆ ಹಾಕಿದಳು. ಕೈಲಾಂಚದ ಸ್ಕೂಲಿನಲ್ಲಿ ಕಾಶ್ಮೀರದ ಮೊಣಕೈ ಇಟ್ಟುಕೊಂಡು ಮಗ್ಗಿ ಬರೆದ ಹುಡುಗಿ ನಾನೊಬ್ಬಳೇ ಇರಬೇಕು. ಎರಡು ವರ್ಷ ಡೆಸ್ಕಿಗೆ ಮೊಣಕೈ ಊರದೆ ಕೂತೆ. ನೆಟ್ಟಗೆ ಕೂರುತ್ತಾಳೆ ಎಂದು ಮೇಷ್ಟ್ರು ಎಲ್ಲರೆದುರು ಹೊಗಳಿದರು.

ದೊಡ್ಡವಳಾದ ಮೇಲೆ, ರೇಷ್ಮೆ ಕೆಲಸ ಬಲ್ಲ ಒಬ್ಬರನ್ನು ಕೇಳಿದ್ದೆ: ಟ್ರಂಕಿನೊಳಗಿನ ನಾಲ್ಕು ಗುಳಿಗೆಗೆ ಇಡೀ ಬೆಳೆ ಹೋಗುತ್ತದಾ? ಹೋದರೂ ಹೋಗಬಹುದು ಅಂದರು. ಚಳಿಗಾಲದಲ್ಲಿ ಸಪ್ಪೆರೋಗ ಬಂದೂ ಹಾಗೇ ಸಾಯುತ್ತವೆ, ನೋಡದೆ ಹೇಳಲಾಗದು ಅಂದರು. “ಸತ್ತ ಹುಳ ತಂದಿದೀರಾ ಮೇಡಂ?” ಎಂದು ಕೇಳಿದರು. ಇಲ್ಲ ಅಂದೆ. ಸತ್ತು ಎಷ್ಟು ದಿನವಾಯಿತು ಎಂದು ಹೇಳುವ ಧೈರ್ಯ ಬರಲಿಲ್ಲ.

ಅವ್ವ ಹೋಗಿ ಮೂರು ವರ್ಷ. ಅಪ್ಪ ಈಗ ರಾಮನಗರದಲ್ಲಿ ನನ್ನ ಜೊತೆ ಇದ್ದಾನೆ. ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಬಚ್ಚಲಿನ ಮುಂದೆ ಟಬ್ ಇಟ್ಟುಕೊಂಡು ಅವನ ಉಣ್ಣೆ ಸ್ವೆಟರ್ ತೊಳೆಯುತ್ತಿದ್ದೆ. ಅವನು ಬಿಸಿಲಿಗೆ ಕುರ್ಚಿ ಎಳೆದುಕೊಂಡು ನೋಡುತ್ತಿದ್ದ.

“ಮಿಷನ್ನಿಗೆ ಹಾಕಬಾರ್ದಾ ಅದ್ನ? ಯಾಕೆ ಬಗ್ಗಿ ಸಾಯ್ತೀಯವ್ವ.”

“ಕುಗ್ಗೋಗ್ತದೆ ಅಪ್ಪ.”

“ನಿಮ್ಮವ್ವನೂ ಹಿಂಗೇ ಮಾಡೋಳು.” ಅವನು ಸ್ವಲ್ಪ ನಕ್ಕ. “ಎಲ್ಲಾ ತಿಳ್ದೋಳು. ಆ ಗುಳಿಗೆ ಹೆಂಗೆ ಇಟ್ಲೋ ಇವತ್ತಿಗೂ ಗೊತ್ತಾಗ್ನಿಲ್ಲ ನಂಗೆ.”

ಇಷ್ಟು ವರ್ಷ ಎಷ್ಟು ಬಗೆಯಲ್ಲಿ ಈ ಮಾತನ್ನು ಜೋಡಿಸಿಕೊಂಡಿದ್ದೆ. ಅವ್ವನ ತಿಥಿಯ ದಿನ ಹೇಳಬೇಕೆಂದಿದ್ದೆ, ಪತ್ರ ಬರೆಯಬೇಕೆಂದಿದ್ದೆ. ಕೊನೆಗೆ ಸೋಪಿನ ಕೈಯಲ್ಲೇ ಬಂತು.

“ಅವ್ವ ಇಟ್ಟಿದ್ದಲ್ಲ ಅಪ್ಪ. ನಾನು.”

ಹಾಳೆಯ ವಿಷಯ, ಮೇಷ್ಟ್ರ ಹೆಂಡತಿಯ ವಿಷಯ, ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಎದೆ ಹಗುರಾಯಿತು. ಹಗುರಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಅಪ್ಪ ಬೈಯುತ್ತಾನೆ, ಇಲ್ಲವೇ ಮಗು ಮಾಡಿದ್ದು ಬಿಡು ಎಂದು ನಗುತ್ತಾನೆ, ಎರಡಕ್ಕೂ ತಯಾರಾಗಿದ್ದೆ. ಅವನು ಎರಡನ್ನೂ ಮಾಡಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಟಬ್ಬಿನ ನೀರು ನೋಡುತ್ತ ಕೂತ.

“ಅವ್ಳಿದ್ದಾಗ ಯಾಕವ್ವ ಹೇಳ್ನಿಲ್ಲ?”

ನಾನು ಸ್ವೆಟರನ್ನು ಮತ್ತೆ ನೀರಿಗೆ ಒತ್ತಿದೆ.

“ಇಲ್ಲಾಂದ್ರೆ ಈಗ್ಲೂ ಹೇಳಬಾರ್ದಿತ್ತು,” ಅಂದ. “ಅವ್ಳೇ ಇಟ್ಲು ಅನ್ಕಂಡು ಹೆಂಗೋ ಇದ್ದೆ.”

ಪಕ್ಕದ ಮನೆಯ ಮಹಡಿಯಲ್ಲಿ ಯಾರೋ ರಗ್ಗು ಕೊಡವುತ್ತಿದ್ದರು.  ಅದು ನಿಂತ ಮೇಲೆ ಅಪ್ಪ ನನ್ನ ಕಡೆ ನೋಡದೆಯೇ ಕೇಳಿದ.

“ನಾನು ಮಾತು ಬುಟ್ಟಿದ್ನಲ್ಲ, ಆಗ ಅಳ್ತಿದ್ಲಾ ಅವ್ಳು?”

ಅವ್ವ ಆ ಒಂದೂವರೆ ತಿಂಗಳು ದಿನವೂ ಬೆಳಿಗ್ಗೆ ಸಗಣಿ ಬಾಚಲು ಹೋದವಳು ಹಸುವಿನ ಕತ್ತಿಗೆ ಹಣೆಯೂರಿ ಅಳುತ್ತಿದ್ದಳು. ಸದ್ದಿಲ್ಲದೆ, ಮುಗಿಸಬೇಕಾದ ಕೆಲಸಗಳಲ್ಲಿ ಅದೂ ಒಂದು ಎಂಬಂತೆ ಅತ್ತು, ಸೆರಗಿನಲ್ಲಿ ಮುಖ ಒರೆಸಿ, ಮಂಕರಿ ಹೊತ್ತು ಬರುತ್ತಿದ್ದಳು. ನಾನು ಗೋಡೆಯ ಸಂದಿಯಿಂದ ನೋಡುತ್ತಿದ್ದೆ.

“ಇಲ್ಲಪ್ಪ,” ಅಂದೆ. “ಅಜ್ಜಿ ಜೊತೆ ನಗ್ತಾನೇ ಇರೋಳು.”

ಅವನು ನನ್ನ ಮುಖವನ್ನೇ ನೋಡಿದ. ನಾನೂ ಕಣ್ಣು ತಗ್ಗಿಸಲಿಲ್ಲ.

“ಹೌದಾ,” ಅಂದ. ಟಬ್ಬಿನ ನೀರಿನ ಕಡೆ ತಿರುಗಿ ಮತ್ತೆ, “ಹೌದಾ,” ಅಂದ.